ಯಜಮಾನರ ಕೆನ್ನೆಗೆ ಬಿದ್ದ ಉಪ್ಪು

ಡಬ್ಬಿಯಲ್ಲಿದ್ದ ಉಪ್ಪು ನೀರು ಬಿಟ್ಟುಕೊಂಡಿತ್ತು. ಆ ದಿನದ ಅನಾಹುತಕ್ಕೆಲ್ಲ ಮೂಲ ಅಷ್ಟೇ.

ಒಂದು ವಾರದಿಂದ ಆಕಾಶ ಒದ್ದೆ ಗೋಣಿಚೀಲದ ಹಾಗೆ ತಲೆಯ ಮೇಲೆ ಜೋತುಬಿದ್ದಿತ್ತು. ಸುರಿದು ಮುಗಿಸುವುದೂ ಇಲ್ಲ, ಬಿಟ್ಟು ತೊಲಗುವುದೂ ಇಲ್ಲ. ಹಗ್ಗದ ಮೇಲಿನ ಬಟ್ಟೆ ಒಣಗುತ್ತಿರಲಿಲ್ಲ. ಬಾಗಿಲು ಉಬ್ಬಿ ಚೌಕಟ್ಟನ್ನು ಕಚ್ಚಿಕೊಳ್ಳುತ್ತಿತ್ತು. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರಿ ಬರೀ ಕಡ್ಡಿ ಕೈಯಲ್ಲಿ ಉಳಿಯುತ್ತಿತ್ತು. ಅಂಥದರಲ್ಲಿ ಉಪ್ಪೊಂದು ಒಣಗಿರಬೇಕು ಅಂದರೆ ಎಲ್ಲಿಂದ ಬಂತು?

ತಾರಸಿಯ ಮೇಲಿನ ಒಂಟಿ ರೂಮಿನ ಚಿತ್ರಗಾರ ಒಲೆಯ ಮೇಲೆ ಬಾಣಲೆಯಿಟ್ಟು ಉಪ್ಪು ಸುರಿದು ಸೌಟಿನಿಂದ ಆಡಿಸತೊಡಗಿದ. ಅವತ್ತು ಹೆಂಡತಿಗೆ ವಾರದ ರಜೆ. ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಏನ್ರೀ ಅದು?"

"ಉಪ್ಪು."

"ಉಪ್ಪು ಅನ್ನೋದು ಕಾಣಿಸ್ತಿದೆ. ಏನ್ ಮಾಡ್ತಿದೀರಿ ಅಂತ ಕೇಳಿದ್ದು."

"ಹುರಿತಿದೀನಿ."

"ಎಣ್ಣೆ ಬೇಡ್ವಾ?" ಅಂದಳು ಅವಳು. ನಗಲಿಲ್ಲ. ಆ ಮನೆಯಲ್ಲಿ ನಗು ಅನ್ನುವುದು ಹೊದಿಕೆಯ ಹಾಗೆ. ಮಡಚಿ ಮೇಲೆ ಇಟ್ಟು ಬಹಳ ದಿನವಾಗಿತ್ತು.

ಒಂದು ಕಾಲದಲ್ಲಿ ಅವನು ಕ್ಯಾಲೆಂಡರಿನವರಿಗೆ ಚಿತ್ರ ಬರೆದುಕೊಡುತ್ತಿದ್ದ. ಈಗ ಕ್ಯಾಲೆಂಡರಿಗೆ ಚಿತ್ರಗಾರನೇ ಬೇಕಾಗಿಲ್ಲ, ಯಂತ್ರವೇ ಎಲ್ಲ ಮಾಡುತ್ತದೆ. ಹೆಂಡತಿ ಬಟ್ಟೆ ಫ್ಯಾಕ್ಟರಿಯಲ್ಲಿ ಅಂಗಿಗಳಿಗೆ ಕಾಜ ಹೊಲಿಯುತ್ತಿದ್ದಳು. ಸಂಸಾರ ನಡೆಯುತ್ತಿದ್ದದ್ದು ಆ ತೂತುಗಳಿಂದ. ಗಂಡಸು ಮನೆಯಲ್ಲಿ ಕೂತು ಏನು ಮಾಡುತ್ತಾನೆ ಅಂತ ಕೇಳಿದವರಿಗೆಲ್ಲ ಅವಳು "ಪ್ರಯೋಗ ಮಾಡ್ತಾರೆ" ಅನ್ನುತ್ತಿದ್ದಳು. ಡಾಕ್ಟರು ಬಾಯಿಬಿಟ್ಟು ಹೇಳಲಾರದ ಕಾಯಿಲೆಯ ಹೆಸರು ಹೇಳಿದಂತಿರುತ್ತಿತ್ತು ಆ ಮಾತು.

ಪ್ರಯೋಗ ಅಂದರೆ ಉಪ್ಪಿನದು. ಕಾಗದದ ಮೇಲೆ ನೀರುಬಣ್ಣ ಹರಡಿ, ಅದರ ಹೊಳಪು ಇನ್ನೇನು ಆರಬೇಕು ಅನ್ನುವ ಹೊತ್ತಿಗೆ ಸರಿಯಾಗಿ ಉಪ್ಪು ಉದುರಿಸಬೇಕು. ಹರಳು ತನ್ನ ಸುತ್ತಲಿನ ನೀರನ್ನು ಹೀರುತ್ತದೆ, ಬಣ್ಣ ಹಿಂದಕ್ಕೆ ಸರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಕೊಡವಿದರೆ ಒಂದೊಂದು ಹರಳು ಕೂತ ಕಡೆಯೂ ಒಂದೊಂದು ಬಿಳಿ ನಕ್ಷತ್ರ. ಅವಸರ ಮಾಡಿದರೆ ಉಪ್ಪು ಕರಗಿ ಕೀವಿನ ಹಾಗೆ ಹರಡುತ್ತದೆ. ತಡಮಾಡಿದರೆ ಕರೆಯದೆ ಬಂದ ನೆಂಟನ ಹಾಗೆ ಸುಮ್ಮನೆ ಮೇಲೆ ಕೂತಿರುತ್ತದೆ. ಪುಡಿ ಉಪ್ಪಿಗೆ ಒಂದು ಬಗೆ, ಹರಳು ಉಪ್ಪಿಗೆ ಇನ್ನೊಂದು ಬಗೆ. ಮೂಲೆ ಅಂಗಡಿಯಲ್ಲಿ ನಿಂತು ಹರಳುಗಳನ್ನು ಬೆರಳಲ್ಲಿ ಉರುಳಿಸಿ ಉರುಳಿಸಿ ಆರಿಸುತ್ತಿದ್ದ ಅವನನ್ನು ನೋಡಿ ಅಂಗಡಿಯವನು 'ಉಪ್ಪಣ್ಣ' ಅಂತ ಹೆಸರಿಟ್ಟ. ಆ ಹೆಸರು ಬೀದಿ ದಾಟಿ, ಮೆಟ್ಟಿಲು ಹತ್ತಿ, ಅವನಿಗಿಂತ ಮೊದಲೇ ರೂಮು ಸೇರಿತು.

ಉಪ್ಪು ಹೆಸರೊಂದನ್ನೇ ಕೊಟ್ಟಿದ್ದರೆ ಚಿಂತೆಯಿರಲಿಲ್ಲ. ಉಪ್ಪಣ್ಣ ತನ್ನ ಹಲಗೆಗಳನ್ನು ತಾರಸಿಯಲ್ಲಿ ತೊಳೆಯುತ್ತಿದ್ದ. ಆ ಉಪ್ಪುನೀರು ಕೆಳಗಿನ ಮಹಡಿಯ ಓನರಮ್ಮನ ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿಗೆ ಸೋರುತ್ತಿತ್ತು. ಒಂದು ದಿನ ಓನರಮ್ಮ ಒದ್ದೆ ಟವೆಲು ಹರವಲು ಹೋದರೆ ಗ್ರಿಲ್ಲು ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು. ಆ ತುಂಡನ್ನು ಹಿಡಿದುಕೊಂಡೇ ಮೇಲೆ ಬಂದರು.

"ಏನಪ್ಪಾ, ಇವತ್ತು ಗ್ರಿಲ್ಲು. ನಾಳೆ ಕಂಬ. ನಾಡಿದ್ದು ನಾನೇ ಕೆಳಗೆ ಬೀಳಬೇಕಾ? ಖಾಲಿ ಮಾಡಿ."

ಹೆಂಡತಿ ಅತ್ತಳು. ಇದು ಅವರು ಬದಲಿಸುತ್ತಿದ್ದ ಎಷ್ಟನೆಯ ಮನೆಯೋ. ಹಿಂದಿನದರಲ್ಲಿ ಹಗಲಲ್ಲೂ ದೀಪ ಬೇಕಿತ್ತು, ಅದರ ಹಿಂದಿನದರಲ್ಲಿ ಗೋಡೆಯಾಚೆ ಮರ ಕೊಯ್ಯುವ ಗರಗಸ. ಉತ್ತರಕ್ಕೆ ದೊಡ್ಡ ಕಿಟಕಿಯಿದ್ದ ರೂಮು, ಕೆಮ್ಮು ಬಾರದ ಗಾಳಿ, ಇದೊಂದೇ. ಓನರಮ್ಮ ಅಳುವಿಗೆ ಕರಗುವವರಲ್ಲ. ಆದರೆ ಹೊರಡಲು ತಿರುಗಿದವರ ಕಣ್ಣಿಗೆ ಗೋಡೆಯ ಮೇಲೆ ಅಂಟಿಸಿದ್ದ ಒಂದು ಚಿತ್ರ ಬಿತ್ತು. ಹೊಲಿಗೆ ಮಾಡುತ್ತಾ ತೂಕಡಿಸುತ್ತಿರುವ ಹೆಂಡತಿಯದು.

"ಇದು ನೀನೇ ಮಾಡಿದ್ದಾ?"

"ಹೂಂ ಅಮ್ಮ."

"ನಮ್ಮ ಯಜಮಾನರ ಫೋಟೋ ಹುಳ ತಿಂತಿದೆ. ಬಣ್ಣದಲ್ಲಿ ಮಾಡಿಕೊಡು. ಸರಿ ಬಂದರೆ ಇರಿ. ಬರದಿದ್ದರೆ ರೂಮು ನೋಡೋಕೆ ಬೇರೆಯವರು ಬರ್ತಾರೆ, ಅವರಿಗೆ ಕೊಡ್ತೀನಿ."

ಹಾಗೆ ಯಜಮಾನರು ಮೇಲೆ ಬಂದರು. ಆ ಕಟ್ಟಡದಲ್ಲಿ ಅವರನ್ನು ಜೀವಂತ ನೋಡಿದವರು ಯಾರೂ ಇರಲಿಲ್ಲ. ಬಾಡಿಗೆಯವರೆಲ್ಲ ಆಮೇಲೆ ಬಂದವರು. ಓನರಮ್ಮನ ಮಾತಿನ ಪ್ರಕಾರ ಆತ ಹಸುವಿನಂಥ ಮನುಷ್ಯ. ಫೋಟೋದಲ್ಲೂ ಹಾಗೇ ಇದ್ದರು: ಇಸ್ತ್ರಿ ಹಾಕಿದಂಥ ನುಣ್ಣನೆ ಕೆನ್ನೆ, ಬಾಚಿದಂಥ ಹುಬ್ಬು, ತುಟಿಯ ಮೇಲೆ ಅಳೆದು ಹಾಕಿದಂಥ ನಗು. ಬರೆಯುವುದಕ್ಕೆ ಇಂಥ ಮುಖದಷ್ಟು ಕಷ್ಟ ಬೇರೆಯಿಲ್ಲ. ಕೋಳಿಮೊಟ್ಟೆಯ ಚಿತ್ರ ಬರೆದು ಇದು ಇಂಥ ಕೋಳಿಯದೇ ಅಂತ ತೋರಿಸಬೇಕು ಅಂದ ಹಾಗೆ. ಆದರೂ ಉಪ್ಪಣ್ಣ ಉಳಿದಿದ್ದ ಒಂದೇ ಒಂದು ದಪ್ಪ ಕಾಗದವನ್ನು ಹಲಗೆಗೆ ಬಿಗಿದು, ಪದರದ ಮೇಲೆ ಪದರ ಹಾಕಿ ಮುಖವನ್ನು ತಂದಿದ್ದ. ಚೆನ್ನಾಗಿಯೇ ಬಂದಿತ್ತು. ಇನ್ನು ಉಳಿದದ್ದು ಎರಡೇ: ಕೆನ್ನೆಗೊಂದು ಕೊನೆಯ ಕೆಂಪು, ಹಿಂದಕ್ಕೊಂದು ಆಕಾಶ.

"ಹಿಂದೆ ಗೋಡೆ ಗೀಡೆ ಬೇಡ. ಆಕಾಶ ಹಾಕು. ಒಳ್ಳೆಯವರು ಹೋಗೋ ಜಾಗ ಅದೇ ತಾನೇ," ಅಂದಿದ್ದರು ಓನರಮ್ಮ. ಉಪ್ಪು ಹುರಿದ ದಿನ ಬೆಳಿಗ್ಗೆಯೇ ಬಂದು ಫೋಟೋವನ್ನು ವಾಪಸು ಒಯ್ದರು. "ಅವರಿಲ್ಲದೆ ಕಾಫಿ ಗಂಟಲಲ್ಲಿ ಇಳೀತಿಲ್ಲ. ಸಾಯಂಕಾಲ ಬಂದು ಚಿತ್ರ ನೋಡ್ತೀನಿ. ರೂಮು ನೋಡೋರು ನಾಳೆ ಬೆಳಿಗ್ಗೇನೇ ಬರ್ತಾರೆ, ನೆನಪಿರಲಿ."

"ಸುಮ್ನೆ ನೀಲಿ ಬಳೀರಿ, ಸಾಕು," ಅಂದಳು ಹೆಂಡತಿ, ಬಾಣಲೆಯನ್ನೇ ನೋಡುತ್ತ. "ಉಪ್ಪು ಬೇಡ. ನನ್ನಾಣೆ ಬೇಡ."

"ಬರೀ ನೀಲಿ ಬಳಿಯೋಕೆ ಸುಣ್ಣ ಹೊಡೆಯೋನು ಸಾಕು. ನಾನ್ಯಾಕೆ?"

ಈ ಒಂದು ಮಾತಿಗೆ ಎಷ್ಟು ಗಂಡಸರ ಮನೆ ಹಾಳಾಗಿದೆಯೋ ಲೆಕ್ಕವಿಲ್ಲ.

ಕೆಲಸದ ನಿಯಮ ಅವನಿಗೆ ಚೆನ್ನಾಗಿ ಗೊತ್ತಿತ್ತು: ಆಕಾಶ ಒಣಗಬೇಕು, ಉಪ್ಪು ಕೊಡವಬೇಕು, ಆಮೇಲೆ ಕೆನ್ನೆ. ಆದರೆ ಆ ತೇವದಲ್ಲಿ ಆಕಾಶ ಒಣಗುವುದನ್ನು ಕಾಯುತ್ತ ಕೂತರೆ ಓನರಮ್ಮನೇ ಮೊದಲು ಬಂದುಬಿಡುತ್ತಾರೆ. ಅದಕ್ಕೆ ಎರಡನ್ನೂ ಒಟ್ಟಿಗೆ ಹಾಕಿದ. ಮುಖದ ಸುತ್ತ ಕಡುನೀಲಿ, ಮುಖದ ತುಂಬ ತೆಳುಗೆಂಪು. ಹಲಗೆಯನ್ನು ಮೇಜಿನ ಮೇಲೆ ಮಟ್ಟಸವಾಗಿ ಮಲಗಿಸಿದ. ಕಿಟಕಿ ಮುಚ್ಚಿದ, ಫ್ಯಾನು ಆರಿಸಿದ, ಉಸಿರನ್ನೂ ಅರ್ಧ ನಿಲ್ಲಿಸಿದ. ನೀಲಿಯ ಹೊಳಪು ಇನ್ನೇನು ಆರಬೇಕು ಅನ್ನುವಾಗ, ಹುರಿದು ತಣಿಸಿದ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದ. ಒಂದು ಹರಳೂ ಮುಖಕ್ಕೆ ತಾಗಲಿಲ್ಲ. ಹರಳುಗಳು ನೀಲಿಯ ಮೇಲೆ ಕೂತು ಮೆಲ್ಲಗೆ ಬಿರಿಯತೊಡಗಿದವು. ಅವನ ಬದುಕಿನಲ್ಲಿ ಅಷ್ಟು ಸರಿಯಾಗಿ ಉಪ್ಪು ಬಿದ್ದದ್ದು ಅದೇ ಮೊದಲು.

"ಬಾರೇ ಇಲ್ಲಿ. ನೋಡು," ಅಂದ.

ಅವಳು ಬಂದು ನೋಡಿದಳು. "ಚೆನ್ನಾಗಿದೆ ರೀ," ಅಂದಳು.

ಅಷ್ಟರಲ್ಲಿ ಉಬ್ಬಿದ ಬಾಗಿಲನ್ನು ಭುಜದಿಂದ ಗುದ್ದಿಕೊಂಡು ಹೆಡ್‌ಕ್ಲರ್ಕು ಒಳಗೆ ಬಂದರು. ಓನರಮ್ಮನ ಎದುರು ಮನೆಯವರು, ನಿವೃತ್ತರು. ಆಫೀಸು ಅವರನ್ನು ಬಿಟ್ಟಿತ್ತು, ಅವರು ಆಫೀಸನ್ನು ಬಿಟ್ಟಿರಲಿಲ್ಲ.

"ಏನಯ್ಯಾ ಅದು ಸೀದ ವಾಸನೆ? ಕಟ್ಟಡಕ್ಕೇ ಬೆಂಕಿ ಇಟ್ಟೀಯೇನು? ಅಯ್ಯಪ್ಪಾ, ಏನ್ ಸೆಖೆ ಮಾರಾಯಾ! ಕಿಟಕಿ ಬೇರೆ ಮುಚ್ಚಿದೀಯ. ಹೆಣ ಕೂಡ ಬೆವರುತ್ತೆ ಇಲ್ಲಿ," ಅನ್ನುತ್ತಲೇ, ಜೀವಮಾನವಿಡೀ ಯಾವ ಕೋಣೆಗೆ ಹೋದರೂ ಮಾಡುತ್ತಿದ್ದ ಹಾಗೆ, ನೋಡದೆಯೇ ಗೋಡೆಗೆ ಕೈಹಾಕಿ ಫ್ಯಾನಿನ ಸ್ವಿಚ್ಚು ಒತ್ತಿದರು.

"ಬೇಡಾ!" ಅಂತ ಗಂಡ ಹೆಂಡತಿ ಒಟ್ಟಿಗೆ ಕೂಗಿದರು. ಮದುವೆಯಾದ ಮೇಲೆ ಇಬ್ಬರೂ ಒಂದೇ ಮಾತು ಒಟ್ಟಿಗೆ ಆಡಿದ್ದು ಅದೊಂದೇ ಸಲ.

ಫ್ಯಾನು ಹಳೆಯದು, ನಿಧಾನಕ್ಕೆ ಶುರುವಾಗುವ ಸ್ವಭಾವದ್ದು. ಅವತ್ತು ಮಾತ್ರ ಪ್ರಾಯದ ಹುಡುಗನ ಹಾಗೆ ಒಮ್ಮೆಲೇ ಎದ್ದಿತು. ಆಕಾಶದಲ್ಲಿದ್ದ ಉಪ್ಪೆಲ್ಲ ಎದ್ದು, ಒಂದು ಸುತ್ತು ಹೊಡೆದು, ಯಜಮಾನರ ಒದ್ದೆ ಕೆನ್ನೆಯ ಮೇಲೆ ಇಳಿಯಿತು. ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ.

ಉಪ್ಪಣ್ಣ ಫ್ಯಾನು ಆರಿಸಿದ. ಆರಿಸಿ ಏನು ಬಂತು? ಆಕಾಶದಲ್ಲಿ ಒಂದೂ ನಕ್ಷತ್ರವಿರಲಿಲ್ಲ. ಅಷ್ಟೂ ಕೆಳಗಿಳಿದು ಯಜಮಾನರ ಮುಖದಲ್ಲಿ ಹುಟ್ಟತೊಡಗಿದ್ದವು.

"ಏನಯ್ಯಾ ಇದು, ಮುಖದ ಮೇಲೆ ಏನೋ ಬೆಳ್ಳಗೆ ಏಳ್ತಾ ಇದೆ?" ಅಂದರು ಹೆಡ್‌ಕ್ಲರ್ಕು.

"ಸಾರ್, ನೀವು ಸುಮ್ನಿರಿ ಸಾರ್."

"ಸುಮ್ನಿರೋದು ಹೇಗೆ? ಕಣ್ಣೆದುರಿಗೆ ನಡೀತಿದೆ."

ಹೆಂಡತಿಯ ಕೂಗಿಗೆ ಕೆಳಗೆ ಬಾಡಿಗೆಗಿದ್ದ ನರ್ಸಕ್ಕ ಓಡಿ ಬಂದಳು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು, ಸಮವಸ್ತ್ರವನ್ನೂ ಬಿಚ್ಚಿರಲಿಲ್ಲ. ಮೇಜಿನ ಮೇಲೆ ಮಲಗಿದ್ದ ಯಜಮಾನರನ್ನು ಒಂದು ಸಲ ನೋಡಿದವಳೇ ಎಲ್ಲರನ್ನೂ ಹಿಂದಕ್ಕೆ ತಳ್ಳಿದಳು.

"ಗಾಳಿ ಬಿಡಿ, ಗಾಳಿ ಬಿಡಿ! ಎಷ್ಟು ಹೊತ್ತಾಯ್ತು?"

"ಈಗಷ್ಟೇ."

"ಹಾಗಾದ್ರೆ ಭಯ ಇಲ್ಲ. ಯಾರೂ ಕೈ ಹಾಕಬೇಡಿ. ಅಣ್ಣಾ, ನೀವು ಕೂತ್ಕೊಳ್ಳಿ, ನಿಮಗೆ ತಲೆ ಸುತ್ತುತ್ತೆ."

ಬ್ಯಾಗಿನಿಂದ ಚಿಮಟ ತೆಗೆದು ಒಂದೊಂದೇ ಹರಳನ್ನು ಕೀಳತೊಡಗಿದಳು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಆದರೆ ಗಾಜಿನ ಚೂರು ಕಿತ್ತರೆ ಗಾಯ ಮಾಯುತ್ತದೆ; ಒದ್ದೆ ಬಣ್ಣದಿಂದ ಉಪ್ಪು ಕಿತ್ತರೆ ಕುಳಿ ಬೀಳುತ್ತದೆ. ಅವಳು ಕಿತ್ತ ಕಡೆಯೆಲ್ಲ ಒಂದೊಂದು ಮಸುಕು ಬಿಳಿ ಗುಂಡಿ. ಗುಂಡಿ ಕಂಡ ಕೂಡಲೇ ಹತ್ತಿ ನೀರಲ್ಲಿ ಅದ್ದಿ ಒರೆಸಿದಳು. ಅಭ್ಯಾಸ. ಹತ್ತಿಯ ನೀರು ಜಾರಿ ಎಡಗಡೆ ಹುಬ್ಬಿಗೆ ಹೋಯಿತು. ನೀರುಬಣ್ಣಕ್ಕೆ ಒಂದು ಕೆಟ್ಟ ಗುಣ, ಒಣಗಿ ಎಷ್ಟು ದಿನವಾಗಿದ್ದರೂ ನೀರು ಕಂಡರೆ ಹಳೆಯ ಸ್ನೇಹ ನೆನಪಿಗೆ ಬಂದುಬಿಡುತ್ತದೆ. ಹುಬ್ಬು ಕರಗತೊಡಗಿತು.

"ಅಕ್ಕಾ, ಹುಬ್ಬು! ಹುಬ್ಬು!"

"ನೀರಾದರೆ ಏನಾಯ್ತು?" ಹೆಡ್‌ಕ್ಲರ್ಕು ಜೇಬಿಗೆ ಕೈಹಾಕಿದರು. "ಶಾಯಿ ಚೆಲ್ಲಿದರೆ ಏನು ಮಾಡಬೇಕು ಅಂತ ನನಗೆ ಹೇಳಿಕೊಡ್ತೀರಾ? ನನ್ನ ಕಾಲದಲ್ಲಿ ಎಂತೆಂಥ ಫೈಲು ಉಳಿಸಿದೀನಿ!"

ನಿವೃತ್ತಿಯಾಗಿ ವರ್ಷಗಳೇ ಕಳೆದರೂ ಆ ಮನುಷ್ಯನ ಜೇಬಿನಲ್ಲಿ ಶಾಯಿ ಹೀರುವ ಒತ್ತುಕಾಗದವಿತ್ತು. ಅದನ್ನು ಹುಬ್ಬಿನ ಮೇಲಿಟ್ಟು, ಅಂಗೈ ಬುಡದಿಂದ ಸರ್ಕಾರಿ ಮೊಹರು ಒತ್ತುವ ಹಾಗೆ ಒತ್ತಿದರು. ಎತ್ತಿದಾಗ ಅರ್ಧ ಹುಬ್ಬು ಕಾಗದದಲ್ಲಿತ್ತು, ಇನ್ನರ್ಧ ಮುಖದಲ್ಲಿತ್ತು. ನಡುವೆ ಕೊಡಲಿ ಏಟು ಬಿದ್ದಂಥ ಬಿಳಿ ಗೀರು.

"ನೋಡಿದ್ಯಾ? ಒಂದು ಹನಿ ನೀರಿಲ್ಲ ಈಗ," ಅಂದರು.

ಉಪ್ಪಣ್ಣನಿಗೆ ಆ ಕ್ಷಣ ಬಾಣಲೆ ಎತ್ತಿ ಅವರ ತಲೆಗೆ ಇಕ್ಕಬೇಕು ಅನ್ನಿಸಿತು. ಇಕ್ಕಬೇಕಿತ್ತು ಕೂಡ. ಆದರೆ ಜೀವಮಾನದಲ್ಲಿ ಯಾರನ್ನೂ ಗದರಿಸಿ ಗೊತ್ತಿಲ್ಲದ ಪ್ರಾಣಿ ಅದು. ಅಂಥವರ ಮನೆಗೇ ಊರಿನವರೆಲ್ಲ ಉಪಕಾರ ಮಾಡಲು ಬರುವುದು.

ಅಷ್ಟು ಹೊತ್ತಿಗೆ ಸುದ್ದಿ ಕೆಳಗಿನ ಕಟಿಂಗ್ ಶಾಪು ಮುಟ್ಟಿತ್ತು. ಶಾಪಿನವನು ಅರ್ಧ ಗಡ್ಡ ಕೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಕೂದಲು ಒಣಗಿಸುವ ಬಿಸಿಗಾಳಿ ಮಿಷನ್ನು ಹಿಡಿದು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ.

"ಅಣ್ಣಾ, ಒಣಗಿಸಬೇಕು ಅಷ್ಟೇ ತಾನೇ? ನನಗೆ ಮೊದಲೇ ಒಂದು ಮಾತು ಹೇಳಿದ್ರೆ ಇಷ್ಟು ಗಲಾಟೆ ಇರ್ತಿತ್ತಾ? ಎಂತೆಂಥ ಮುಖ ನೋಡಿದೀನಿ ನಾನು."

ಇದೊಂದು ನಿಜಕ್ಕೂ ಬುದ್ಧಿಯ ಮಾತಾಗಿತ್ತು. ಬಿಸಿಗಾಳಿಯನ್ನು ದೂರದಿಂದ ಹದವಾಗಿ ಬಿಟ್ಟಿದ್ದರೆ ಉಳಿದದ್ದಾದರೂ ಉಳಿಯುತ್ತಿತ್ತು. ಉಪ್ಪಣ್ಣ ತಲೆಯಾಡಿಸಿದ. ಕಟಿಂಗ್ ಶಾಪಿನವನು ಹಲಗೆಯನ್ನು ಗಿರಾಕಿಯನ್ನು ಕೂರಿಸುವ ಹಾಗೆ ಕುರ್ಚಿಗೆ ಒರಗಿಸಿ ನಿಲ್ಲಿಸಿದ, ಕತ್ತಿನ ಸುತ್ತ ಟವೆಲು ಹಾಕಿದ, ಗಲ್ಲ ಹಿಡಿದು ಮುಖ ನೆಟ್ಟಗೆ ಮಾಡಿದ. ಆಮೇಲೆ, ಇಪ್ಪತ್ತು ವರ್ಷದಿಂದ ಯಾವ ಮುಖ ಎದುರಿಗೆ ಬಂದರೂ ಮೊದಲು ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನೀರಿನ ಬಾಟಲಿ ತೆಗೆದು ಪುಸ್ ಪುಸ್ ಅಂತ ಎರಡು ಸಲ ಮುಖಕ್ಕೆ ಹೊಡೆದ.

ಹೊಡೆದ ಮೇಲೆ ಅವನೇ ಕೈಯಲ್ಲಿದ್ದ ಬಾಟಲಿಯನ್ನು ನೋಡಿ "ಅಯ್ಯೋ" ಅಂದ. ಗಾಬರಿಗೆ ಮಿಷನ್ನನ್ನು ಪೂರಾ ಜೋರಿಗೆ ಹಾಕಿ ತುಟಿಯ ಹತ್ತಿರವೇ ಹಿಡಿದ. ತುಟಿಯ ಬಣ್ಣ ಬಿಸಿಗಾಳಿಗೆ ಹೆದರಿ ಒಂದು ಕಡೆಗೆ ಓಡಿತು. ಓನರಮ್ಮನ ಯಜಮಾನರ ನಗು ಎಡಕ್ಕೆ ಜಾರಿ, ಕೆಳಕ್ಕೆ ಇಳಿದು, ಅಲ್ಲೇ ಒಣಗಿ ನಿಂತಿತು.

ಎಲ್ಲ ಒಣಗಿತು. ಯಜಮಾನರು ಕುರ್ಚಿಯಲ್ಲಿ ಟವೆಲು ಹೊದ್ದು ಕೂತಿದ್ದರು. ಕೆನ್ನೆಯ ತುಂಬ ಕುಳಿ, ಹುಬ್ಬು ಎರಡು ತುಂಡು, ಬಾಯಿ ಸೊಟ್ಟ. ಹಿಂದೆ ನಕ್ಷತ್ರವಿಲ್ಲದ ಕಡುನೀಲಿ ಆಕಾಶ.

"ಪೌಡರ್ ಹಾಕಿ ನೋಡೋಣ್ವಾ ಅಣ್ಣಾ?" ಕಟಿಂಗ್ ಶಾಪಿನವನು ಮೆಲ್ಲಗೆ ಕೇಳಿದ.

"ಊರು ಉಪಕಾರ ಅರಿಯದು, ಹೆಣ ಸಿಂಗಾರ ಅರಿಯದು ಅಂತ," ಅಂದರು ಹೆಡ್‌ಕ್ಲರ್ಕು ನಿಟ್ಟುಸಿರು ಬಿಟ್ಟು. "ನಾವು ಮಾಡೋದು ಮಾಡಿದ್ವಿ. ಬುಡದಲ್ಲೇ ಚಿತ್ರ ಸರಿಯಿರಲಿಲ್ಲ."

ತಿದ್ದೋಣವೆಂದರೆ ಫೋಟೋ ಎದುರಿಗಿಲ್ಲ. ಹೊಸದಾಗಿ ಮಾಡೋಣವೆಂದರೆ ಕಾಗದವಿಲ್ಲ. ಕಿಟಕಿಯ ಬೆಳಕು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಹೆಂಡತಿ ಒಂದು ಮಾತೂ ಆಡದೆ ಮೂಲೆಯಿಂದ ಗೋಣಿಚೀಲ ಎಳೆದು ಪಾತ್ರೆಗಳನ್ನು ಒಂದರೊಳಗೊಂದು ಕೂರಿಸತೊಡಗಿದಳು. ದೊಡ್ಡದರೊಳಗೆ ನಡುವಿನದು, ನಡುವಿನದರೊಳಗೆ ಸಣ್ಣದು. ಎಷ್ಟು ಮನೆ ಬಿಟ್ಟ ಕೈ ಅದು. ಯಾವುದರೊಳಗೆ ಯಾವುದು ಹಿಡಿಯುತ್ತದೆ ಅಂತ ನೋಡುವುದೇ ಬೇಕಿರಲಿಲ್ಲ.

"ಬೈಬಾರ್ದೇನೇ ಒಂದ್ಸಲ," ಅಂದ ಉಪ್ಪಣ್ಣ.

"ಬೈದು?" ಅಂದಳು. ಅಷ್ಟೇ.

ಮೆಟ್ಟಿಲಿನಲ್ಲಿ ಓನರಮ್ಮನ ಚಪ್ಪಲಿ ಸದ್ದು ಕೇಳಿಸಿತು. ಕಟಿಂಗ್ ಶಾಪಿನವನು ಅವಸರದಲ್ಲಿ ಟವೆಲನ್ನು ಎತ್ತಿ ಯಜಮಾನರ ಮುಖದ ಮೇಲೆ ಎಳೆದ. ಅದು ಇನ್ನೂ ಕೆಟ್ಟದಾಗಿ ಕಂಡಿತು.

"ಏನು, ಎಲ್ಲಾ ಇಲ್ಲೇ ಸೇರಿದೀರಿ?" ಓನರಮ್ಮ ಒಳಗೆ ಬಂದರು. ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದಿದ್ದರು. "ಎಲ್ಲಪ್ಪಾ ನಮ್ಮ ಯಜಮಾನರು?"

ನರ್ಸಕ್ಕ ಚಿಮಟವನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಓನರಮ್ಮ ತಾವೇ ಹೋಗಿ ಟವೆಲು ಎಳೆದರು.

ಓನರಮ್ಮ ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು ಹತ್ತಿರ ಹೋದರು. ಒಂದು ಬೆರಳು ಕೆನ್ನೆಯ ತನಕ ಹೋಗಿ, ಮುಟ್ಟದೆ ಗಾಳಿಯಲ್ಲೇ ನಿಂತಿತು.

"ಯಾರಪ್ಪಾ ಹೇಳಿದ್ದು ನಿನಗೆ?"

"ಏನ್ ಅಮ್ಮಾ?"

"ಸಿಡುಬಿನ ಕುಳಿ. ಕೆನ್ನೆ ತುಂಬಾ ಇತ್ತು ಅಂತ ಯಾರು ಹೇಳಿದ್ರು? ಸತ್ತ ಮೇಲೆ ಫೋಟೋ ದೊಡ್ಡದು ಮಾಡಿಸುವಾಗ ಸ್ಟುಡಿಯೋದವನಿಗೆ ಹೇಳಿ ನಾನೇ ತೆಗೆಸಿದ್ದು. ಕುಳಿ ಮುಚ್ಚು, ಹುಬ್ಬಿನ ಗಾಯ ಅಳಿಸು, ಬಾಯಿ ನೆಟ್ಟಗೆ ಮಾಡು ಅಂತ. ನನಗೆ, ಆ ಸ್ಟುಡಿಯೋದವನಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ತದ್ರೂಪು ಕಣಪ್ಪಾ! ಹೀಗೇ ಇದ್ದದ್ದು. ಉಗುರಿನಷ್ಟೂ ಹೆಚ್ಚುಕಮ್ಮಿಯಿಲ್ಲ."

ಅವರ ಕಣ್ಣಿನಿಂದ ನೀರು ಇಳಿಯಿತು.

ಹೆಂಡತಿಯ ಕೈಯಲ್ಲಿದ್ದ ಪಾತ್ರೆ ಗೋಣಿಚೀಲದ ಬಾಯಲ್ಲೇ ನಿಂತಿತು. ಮೊದಲು ಚೇತರಿಸಿಕೊಂಡವರು ಹೆಡ್‌ಕ್ಲರ್ಕು.

"ಆ ಹುಬ್ಬು ನೋಡಿದ್ರಾ ಓನರಮ್ಮ? ಅದು ನಂದು. ಇವನು ಸುಮ್ನೆ ಉದ್ದಕ್ಕೆ ಎಳೆದುಬಿಟ್ಟಿದ್ದ. ನಾನೇ ಹೇಳಿದೆ, ಇಲ್ಲಿ ಏನೋ ಇರಬೇಕಯ್ಯಾ ಅಂತ."

"ಕುಳಿಯೆಲ್ಲ ನನ್ನ ಕೈಯಿಂದ ಆಗಿದ್ದು ಅಮ್ಮಾ," ಅಂದಳು ನರ್ಸಕ್ಕ, ಚಿಮಟವನ್ನು ಮುಂದಕ್ಕೆ ತಂದು. "ಒಂದೊಂದೇ ಒಂದೊಂದೇ."

"ಬಾಯಿ ನಾನು ತಂದಿದ್ದಮ್ಮಾ," ಅಂದ ಕಟಿಂಗ್ ಶಾಪಿನವನು. "ಕೊನೇಲಿ ಒಂದು ಕಳೆ ಬರೋದು ಬಾಯಿಂದಾನೇ."

ಓನರಮ್ಮ ಅವರ ಕಡೆ ತಿರುಗಿದರು. ಅಳು ನಿಂತಿತ್ತು.

"ಹೌದಾ? ಆ ಹುಬ್ಬಿನ ಗಾಯ ಹೇಗಾಯ್ತು ಗೊತ್ತಾ ನಿಮಗೆ? ನನ್ನ ಮೇಲೆ ಬೀಸಿದ ಚೊಂಬು ಗೋಡೆಗೆ ಬಡಿದು ಇವನಿಗೇ ವಾಪಸು ಬಂತು. ಅದಕ್ಕೂ ನನಗೇ ಬಿತ್ತು ಏಟು. ಈ ಬಾಯಿ ಇದೆಯಲ್ಲ, ಇದು ಹೀಗೆ ಎಡಗಡೆ ಸೊಟ್ಟಗಾಯ್ತು ಅಂದ್ರೆ ನಾನು ಬಚ್ಚಲುಮನೆಗೆ ಓಡಿ ಚಿಲಕ ಹಾಕ್ಕೋತಿದ್ದೆ. ಹೊಸ ಚಿಲಕ ಎಷ್ಟು ಸಲ ಹಾಕಿಸಿದೀನಿ ಅಂತ ಆ ಬಚ್ಚಲು ಬಾಗಿಲನ್ನ ಕೇಳಿ."

"ಹಸುವಿನಂಥೋರು ಅಂತಿದ್ರಲ್ಲ ಅಮ್ಮಾ..." ಅಂದಳು ನರ್ಸಕ್ಕ.

"ಫೋಟೋದಲ್ಲಿರೋರು ಹಸು. ಇವನು ಇವನೇ. ಮಣ್ಣಿಗೆ ಹಾಕಿ, ಮುಖ ಅಳಿಸಿ, ಹೊಸ ಗಂಡನ್ನ ಮಾಡಿಕೊಂಡು ನೆಮ್ಮದಿಯಾಗಿದ್ದೆ. ಮತ್ತೆ ಎಬ್ಬಿಸಿಕೊಂಡು ಬಂದ್ರಲ್ಲ!" ಓನರಮ್ಮನ ಕಣ್ಣು ಮೂವರ ಮೇಲೂ ಹರಿಯಿತು. "ಯಾರು ಅಂದ್ರಿ ಹುಬ್ಬು ಮಾಡಿದ್ದು?"

"ಎಲ್ಲಾ ಇವನೇ ಕಣಮ್ಮಾ," ಹೆಡ್‌ಕ್ಲರ್ಕು ಉಪ್ಪಣ್ಣನ ಕಡೆ ಕೈ ತೋರಿಸಿದರು. "ನಾವು ಸುಮ್ನೆ ಬಾಗಿಲಲ್ಲಿ ನಿಂತಿದ್ವಿ. ಸೀದ ವಾಸನೆ ಬಂತು ಅಂತ."

"ನನ್ನ ಗಿರಾಕಿ ಕಾಯ್ತಾ ಇದಾನೆ," ಅಂತ ಕಟಿಂಗ್ ಶಾಪಿನವನು ನಡೆದ. ಆಸ್ಪತ್ರೆಯ ಬಟ್ಟೆ ಒಗೆಯುವುದಿದೆ ಅಂತ ನರ್ಸಕ್ಕನಿಗೆ ನೆನಪಾಯಿತು. ಮೂವರ ಹೆಜ್ಜೆ ಸದ್ದೂ ಇಳಿದು ಹೋಯಿತು.

ರೂಮಿನಲ್ಲಿ ಗಂಡ, ಹೆಂಡತಿ, ಓನರಮ್ಮ ಉಳಿದರು. ಮತ್ತೆ ಕುರ್ಚಿಯಲ್ಲಿ ಅವನು. ಓನರಮ್ಮ ಸ್ಟೂಲು ಎಳೆದು ಅವನ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರು. ಆಮೇಲೆ ಬಾಯಿ ತೆರೆದರು.

"ಲೋ," ಅಂದರು.

ಆ ಒಂದು ಅಕ್ಷರ ಹೊರಗೆ ಬರಲು ಒಂದು ಆಯುಸ್ಸೇ ಹಿಡಿದಿತ್ತು ಅನ್ನಿಸಿತು ಉಪ್ಪಣ್ಣನಿಗೆ. ಒಮ್ಮೆ ಬಂದ ಮೇಲೆ ಉಳಿದದ್ದೆಲ್ಲ ಕಟ್ಟೆ ಒಡೆದ ಹಾಗೆ ಬಂತು. ಬಿಸಿ ಕಾಫಿ ಕೈಮೇಲೆ ಚೆಲ್ಲಿದ್ದು. ತಂಗಿ ಮದುವೆಗೆ ಹೊರಟು ನಿಂತವಳ ಚಪ್ಪಲಿ ಬಾವಿಗೆ ಎಸೆದದ್ದು. ಅಪ್ಪ ಸತ್ತ ಸುದ್ದಿ ಬಂದ ದಿನ ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದದ್ದು. "ಕಿಟಕಿಯಿಂದ ಕೂಗಿದೆ ಕಣೋ ಆ ದಿನ. ಬೀದಿಯೋರಿಗೆಲ್ಲ ಕೇಳಿಸ್ತು. ಒಬ್ಬರೂ ತಲೆ ಎತ್ತಲಿಲ್ಲ." ಅವನು ಸೊಟ್ಟ ಬಾಯಿ ಬಿಗಿದುಕೊಂಡು ಕೂತಿದ್ದ. ಈ ಸಲ ಎದ್ದು ಬರುವ ಹಾಗಿರಲಿಲ್ಲ. ಉಪ್ಪಣ್ಣನೂ ಹೆಂಡತಿಯೂ ಒಲೆಯ ಹತ್ತಿರ ನಿಂತು, ಎಲ್ಲಿ ನೋಡಬೇಕು ಅಂತ ತಿಳಿಯದೆ ಬಾಣಲೆಯೊಳಗಿನ ಉಪ್ಪನ್ನು ನೋಡುತ್ತಿದ್ದರು.

ಕಿಟಕಿಯಲ್ಲಿ ಬೆಳಕು ಪೂರಾ ಸಾಯುವ ಮೊದಲು ಓನರಮ್ಮ ಎದ್ದರು. ಸೆರಗಿನಿಂದ ಕತ್ತು ಒರೆಸಿಕೊಂಡರು. ಮುಖದಲ್ಲಿ ಜ್ವರ ಬಿಟ್ಟವರ ಕಳೆಯಿತ್ತು. ಹೆಂಡತಿ ಕೊಟ್ಟ ಒಂದು ಲೋಟ ನೀರನ್ನು ಗಟಗಟ ಕುಡಿದರು.

ಆ ಮುಖ ನೋಡಿ ಉಪ್ಪಣ್ಣನಿಗೆ ಎಲ್ಲಿಂದಲೋ ಧೈರ್ಯ ಬಂತು.

"ಅಮ್ಮಾ, ಚಿತ್ರ ಸರಿ ಬಂದರೆ ಇರಬಹುದು ಅಂದಿದ್ರಿ."

"ಸರಿ ಬಂದಿದೆಯಪ್ಪಾ. ಇದಕ್ಕಿಂತ ಸರಿ ಆ ದೇವರು ಬರೆದರೂ ಬರಲ್ಲ."

ಹೆಂಡತಿ ಗೋಣಿಚೀಲದಿಂದ ಸಣ್ಣ ಪಾತ್ರೆಯನ್ನು ಹೊರಕ್ಕೆ ತೆಗೆದು ಒಲೆಯ ಪಕ್ಕ ಇಟ್ಟಳು. ಆ ಪಾತ್ರೆ ಕಲ್ಲಿಗೆ ತಾಗಿದ ಸದ್ದಿಗೆ ಉಪ್ಪಣ್ಣನ ಎದೆ ತಂಪಾಯಿತು.

"ಹಾಗಾದ್ರೆ ನಾವು..."

"ನೀವು ನಾಳೆ ಬೆಳಿಗ್ಗೆ ಖಾಲಿ ಮಾಡಿ."

"ಅಮ್ಮಾ!"

"ನೋಡೋಕೆ ಬರೋರಿಗೂ ಕೊಡಲ್ಲ, ಚಿಂತೆ ಮಾಡಬೇಡ. ರೂಮು ನನಗೇ ಬೇಕು. ಇವನನ್ನ ಇಲ್ಲೇ ಈ ಗೋಡೆಗೆ ಹೊಡಿಸ್ತೀನಿ. ದಿನಾ ಸಾಯಂಕಾಲ ಬಂದು ಬೈಬೇಕು ನಾನು. ಇವತ್ತು ಮೊದಲನೇ ವರ್ಷದ್ದೂ ಮುಗೀಲಿಲ್ಲ."

ಹೆಂಡತಿಯೇ ಮುಂದೆ ಬಂದಳು. ಜನ್ಮದಲ್ಲಿ ಯಾರಿಗೂ ಎದುರಾಡದ ಅವಳು ಕೈಮುಗಿದು ಕೇಳಿದಳು:

"ಅದನ್ನ ಕೆಳಗೆ ನಿಮ್ಮನೇಲೇ ಹಾಕ್ಕೊಂಡು ಬೈಬಹುದಲ್ವಾ ಅಮ್ಮಾ? ಮೆಟ್ಟಿಲು ಹತ್ತೋ ತೊಂದರೆಯೂ ಇರಲ್ಲ."

ಓನರಮ್ಮ ಒಂದು ಸಲ ಮೆಟ್ಟಿಲಿನ ಕಡೆ ನೋಡಿದರು. ದನಿ ತಗ್ಗಿಸಿದರು.

"ಅಲ್ಲಿ ನಮ್ಮ ಯಜಮಾನರು ಇದಾರಲ್ಲೇ ತಾಯಿ, ಫೋಟೋದಲ್ಲಿ. ಪಾಪ, ಸಾಧು ಮನುಷ್ಯ. ಇಂಥ ಮಾತೆಲ್ಲ ಅವರ ಕಿವಿಗೆ ಬೀಳಬಾರದು."